ಖಳರ ತಂಡವೂ ಪಲ್ಪರ್ ಬೆಲ್ಟೂ

ತೋಟದ ರೈಟರ್ ಕೆಲಸ ಅಂದರೆ ಹಾಜರಿ ಬರೆಯುವುದು ಮತ್ತು ಬೈಸಿಕೊಳ್ಳುವುದು, ಇಷ್ಟೇ ಎಂದುಕೊಂಡು ಸೇರಿದವನು ನಾನು. ನಗು ತಡೆದುಕೊಳ್ಳುವುದೂ ಅದರಲ್ಲೇ ಸೇರಿದೆ ಎಂದು ಯಾರೂ ಹೇಳಿರಲಿಲ್ಲ. ಕೊಟ್ಟಿಗೆಹಾರದ ಹತ್ತಿರದ ಆ ಕಾಫಿ ತೋಟದಲ್ಲಿ ವಾರಕ್ಕೊಮ್ಮೆಯಾದರೂ ಏನಾದರೂ ಆಗುತ್ತಲೇ ಇತ್ತು. ಎಂಬತ್ತರ ದಶಕದ ಕೊನೆ ಅದು. ಹೋಗುವುದರಲ್ಲಿದ್ದ ನನ್ನ ಕೆಲಸವನ್ನು ಆಗ ಒಂದು ಇಂಗ್ಲಿಷ್ ಕಾಮಿಕ್ಸ್ ಉಳಿಸಿತು ಎಂದರೆ ನಮ್ಮ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಎಷ್ಟು ಎಚ್.ಪಿ.?

ತೋಟದ ಸಾಹುಕಾರರ ಮಗಳು ಹಾಸ್ಟೆಲಿನಿಂದ ರಜೆಗೆ ಬಂದವಳು ಒಂದು ಕಟ್ಟು ಕಾಮಿಕ್ಸ್ ಬಿಟ್ಟುಹೋಗಿದ್ದಳು. ಅದರಲ್ಲಿ ಒಳ್ಳೆಯವರೇ ಇಲ್ಲ, ಬರೀ ಖಳರು. ಮೈಯಿಂದ ಬೆಂಕಿ ಕಾರುವವನೊಬ್ಬ, ಮುಟ್ಟಿದರೆ ಬೀಗ ಕರಗಿಸುವವನೊಬ್ಬ, ನೆರಳಿನೊಳಗೆ ಮಾಯವಾಗುವವಳೊಬ್ಬಳು. ಜೈಲಿನಲ್ಲಿದ್ದ ಇವರನ್ನು ಸರ್ಕಾರವೇ ಗುಟ್ಟಾಗಿ ಹೊರಗೆ ಬಿಟ್ಟು, ಬೇರೆ ಯಾರೂ ಮಾಡಲೊಲ್ಲದ ಕೆಲಸಕ್ಕೆ ಕಳಿಸುತ್ತದೆ. ಗೆದ್ದು ಬಂದರೆ ಶಿಕ್ಷೆ ಕಡಿಮೆ.

ಕೊಟ್ಟಿಗೆಹಾರದಲ್ಲಿ ಬಸ್ಸು ಕಾಯುವಾಗ ಮೆಕ್ಯಾನಿಕ್ ಸಾಹೇಬರ ಶೆಡ್ಡಿನಲ್ಲಿ ಕೂತು ನಾನು ಇದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಸುತ್ತಲಿನ ತೋಟಗಳ ಜೀಪು, ಎಂಜಿನ್ನು, ಪಂಪು ಎಲ್ಲಕ್ಕೂ ಅವರದೇ ಕೈ. ಸ್ಪಾನರ್ ಹಿಡಿದುಕೊಂಡೇ ಕಥೆ ಕೇಳುತ್ತಿದ್ದರು. ಒಂದು ದಿನ ಯಾಕೋ ಬೇಜಾರಾದಂತೆ ಕಂಡರು.

"ರೈಟ್ರೇ, ಪ್ರತಿ ಸಲ ಸರ್ಕಾರ ಇವ್ರಿಗೆ ಸೀಕ್ರೆಟ್ ಮಿಷನ್ ಕೊಡ್ತು ಅಂತೀರಿ. ಚಿತ್ರದಲ್ಲಿ ಎಲ್ಲೂ ಕಾಣ್ಸೋದೇ ಇಲ್ವಲ್ಲ ಮಾರಾಯ್ರೆ."

"ಏನು ಕಾಣ್ಬೇಕಿತ್ತು?"

"ಮಿಷನ್ನು. ಡೀಸೆಲ್ದೋ, ಸೀಮೆಎಣ್ಣೇದೋ? ಎಷ್ಟು ಎಚ್.ಪಿ.?"

ನಮ್ಮ ಕಡೆ ಹೊಲಿಗೆ ಮಿಷನ್, ಹಿಟ್ಟಿನ ಮಿಷನ್ ಬಿಟ್ಟು ಬೇರೆ ಮಿಷನ್ ಯಾರಿಗೆ ಗೊತ್ತು? ಇದು ಯಂತ್ರವಲ್ಲ, ವಹಿಸಿಕೊಟ್ಟ ಗುಟ್ಟಿನ ಕೆಲಸ ಎಂದು ಬಿಡಿಸಿ ಹೇಳಿದೆ. ಸಾಹೇಬರ ಮುಖ ಸಣ್ಣದಾಯಿತು.

"ಬರೀ ಕೆಲ್ಸವಾ? ನಾನು ಇಷ್ಟು ದಿನ ಬಿಡಿಭಾಗ ಎಲ್ಲಿಂದ ತರಿಸ್ತಾರೋ ಅಂತ ಯೋಚ್ನೆ ಮಾಡ್ತಿದ್ದೆ."

ಮೇಸ್ತ್ರಿಯ ಅನುಮಾನ

ನಮ್ಮ ತೋಟದ ಮೇಸ್ತ್ರಿಗೂ ಕಥೆಯ ಹುಚ್ಚು ಹತ್ತಿತು. ಆದರೆ ಜೀವನವಿಡೀ ಆಳುಗಳ ಗ್ಯಾಂಗ್ ನಡೆಸಿದವರು ನೋಡುವ ರೀತಿಯೇ ಬೇರೆ.

"ಬೆಂಕಿಯೋನು ಇದಾನೆ, ಬೀಗದೋನು ಇದಾನೆ. ಈ ಗ್ಯಾಂಗಿಗೆ ಮೇಸ್ತ್ರಿ ಯಾರು?"

"ಮೇಸ್ತ್ರಿ ಇಲ್ಲ, ಅವ್ರವ್ರೇ ಸೇರಿ ಮಾಡ್ತಾರೆ" ಎಂದೆ.

"ಅದ್ಕೇ ನೋಡಿ, ಹೋದಲ್ಲೆಲ್ಲ ಕಟ್ಟಡ ಬಿದ್ಹೋಗೋದು."

ಬೆಲ್ಟು

ಕುಯ್ಲಿನ ನಡುವೆ ಒಂದು ಬೆಳಿಗ್ಗೆ ನಮ್ಮ ಪಲ್ಪರಿನ ಬೆಲ್ಟು ಹರಿದುಹೋಯಿತು. ಕಿತ್ತ ಕಾಫಿಹಣ್ಣನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ಇಲ್ಲದಿದ್ದರೆ ರಾಶಿ ಬಿಸಿಯೇರಿ ಬೀಜಕ್ಕೆ ವಾಸನೆ ಹಿಡಿಯುತ್ತದೆ. ಚಿಕ್ಕಮಗಳೂರಿನಿಂದ ಹೊಸ ಬೆಲ್ಟು ಬರುವುದು ಮಾರನೆಯ ದಿನ. ಸಾಹುಕಾರರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು.

"ಸಂಜೆಯೊಳಗೆ ಪಲ್ಪರ್ ಓಡ್ಬೇಕು ರೈಟ್ರೇ. ಇಲ್ಲಾಂದ್ರೆ ನಾಳೆಯಿಂದ ನೀವು ಬರೋದು ಬೇಡ."

ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಆಗಷ್ಟೇ ಮದುವೆಯಾಗಿದ್ದೆ, ತೋಟದ ಮನೆಯಲ್ಲೇ ಬಿಡಾರ.

ಅದೇ ಅಳತೆಯ ಬೆಲ್ಟು ಪಕ್ಕದ ತೋಟದಲ್ಲಿತ್ತು. ಅವರದು ಎತ್ತರದ ಜಾಗ, ಹಣ್ಣಾಗುವುದು ತಡ, ಪಲ್ಪರ್ ಸುಮ್ಮನೆ ನಿಂತಿತ್ತು. ಆದರೆ ಬೇಲಿಯ ಜಗಳದಿಂದ ಎರಡು ತೋಟದ ಸಾಹುಕಾರರಿಗೂ ಮಾತಿಲ್ಲ. ಹೋಗಿ ಕೇಳುವಂತಿಲ್ಲ. ರಿಪೇರಿಗೆ ಬಂದಿದ್ದ ಸಾಹೇಬರು ಕೈ ಒರೆಸಿಕೊಂಡು ನನ್ನನ್ನೇ ನೋಡಿದರು.

"ಬೇರೆ ಯಾರೂ ಮಾಡೋ ಕೆಲ್ಸ ಅಲ್ಲ ಇದು. ನಾವೇ ಹೋಗ್ಬೇಕು."

"ಮೇಸ್ತ್ರಿ ನಾನು" ಎಂದರು ಮೇಸ್ತ್ರಿ.

ಪಕ್ಕದ ಸಾಹುಕಾರರು ಊಟ ಮಾಡಿ ಮಲಗುವ ಹೊತ್ತು ನೋಡಿ ಹೊರಟೆವು. ಸಾಹೇಬರು ಬೀಗದವರು, ನಾನು ನೆರಳಿನವಳು ಎಂದು ದಾರಿಯಲ್ಲೇ ತೀರ್ಮಾನವಾಯಿತು. ಹೋಗಿ ನೋಡಿದರೆ ಪಲ್ಪರ್ ಮನೆಗೆ ಬೀಗವೇ ಇಲ್ಲ. ಸಾಹೇಬರಿಗೆ ಅದೊಂದು ಕೊರಗಾಗಿ ಉಳಿಯಿತು. ಬೆಲ್ಟನ್ನು ನನ್ನ ಹೊಟ್ಟೆಗೆ ಸುತ್ತಿ ಮೇಲೆ ಅಂಗಿ ಹಾಕಿದರು. ಬರುವಾಗ ಅವರ ಮನೆಯ ಅಡಿಗೆಯಮ್ಮ ಎದುರಾದರು. "ಮದುವೆ ಆದ್ಮೇಲೆ ದಪ್ಪ ಆದ್ರಿ ರೈಟ್ರೇ, ಒಳ್ಳೇದಾಯ್ತು ಬಿಡಿ" ಎಂದು ಹೋದರು. ಅಲ್ಲಿಂದ ಬೇಲಿಯವರೆಗೂ ಮೂವರೂ ಉಸಿರು ಬಿಡಲಿಲ್ಲ. ಸಾಹೇಬರೂ ಮೇಸ್ತ್ರಿಯೂ ಈಗಿಲ್ಲ.

ಸಂಜೆ ಪಲ್ಪರ್ ಓಡಿತು. ಸಾಹುಕಾರರು ಬಂದು ನಿಂತರು. ತಿರುಗುವ ಬೆಲ್ಟಿನ ಮೇಲೆ ಪಕ್ಕದ ತೋಟದ ಹೆಸರು ಬಿಳಿ ಬಣ್ಣದಲ್ಲಿ ಬಂದು ಬಂದು ಹೋಗುತ್ತಿತ್ತು. ಕಳ್ಳತನಕ್ಕೆ ಹೋದವರಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಸಾಹುಕಾರರು ತುಂಬ ಹೊತ್ತು ನೋಡಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ.

"ವಾಪಸ್ ಇಡೋವಾಗ ಪಕ್ಕದಲ್ಲಿ ಒಂದು ಗೊನೆ ಪುಟ್ಟಬಾಳೆ ಇಟ್ಟು ಬನ್ನಿ" ಎಂದರು. "ಯಾರು ಇಟ್ಟಿದ್ದು ಅಂತ ಗೊತ್ತಾಗ್ಬಾರ್ದು."

ಹಾಗೇ ಮಾಡಿದೆವು. ಕೆಲವು ದಿನಗಳ ನಂತರ ಕೊಟ್ಟಿಗೆಹಾರದಲ್ಲಿ ಪಕ್ಕದ ಸಾಹುಕಾರರು ನನ್ನ ಎದುರಿಗೇ ಜೀಪು ನಿಲ್ಲಿಸಿದರು.

"ನಮ್ಮ ಬೆಲ್ಟು ಹೋಗಿದ್ದು, ಬಂದಿದ್ದು ಎರಡೂ ನಂಗೆ ಗೊತ್ತೇ ಇಲ್ಲ ಅಂತ ನಿಮ್ಮ ಸಾಹುಕಾರ್ರಿಗೆ ಹೇಳಿ."

ಜೀಪು ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂತು.

"ಬಾಳೆಹಣ್ಣು ಚೆನ್ನಾಗಿತ್ತು ಅನ್ನಿ."