ಭಟ್ಟರನ್ನು ಹಿಂದಿನಿಂದ ಕರೆದದ್ದು

ಮನುಷ್ಯ ಎಲ್ಲೆಲ್ಲಿ ಸೋಲುತ್ತಾನೆ ಎನ್ನುವುದು ಅವನು ಮಾತು ಕಲಿತ ದಿನವೇ ತೀರ್ಮಾನವಾಗಿರುತ್ತದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನಾನು ಮಾತು ಕಲಿತದ್ದು ಮೈಸೂರಿನ ನಮ್ಮ ದೊಡ್ಡಮ್ಮನಿಂದ. ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳದೆ ನೇರ ವಿಷಯಕ್ಕೆ ಬರುವವನು ಆಕೆಯ ಲೆಕ್ಕದಲ್ಲಿ ಅರ್ಧ ಮೃಗ. ಹೊರಟವರನ್ನು ಹಿಂದಿನಿಂದ ಕೂಗಬಾರದು, ಎಲ್ಲಿಗೆ ಎಂದಂತೂ ಕೇಳಲೇಬಾರದು. ಸಾವಿನ ಸುದ್ದಿಯನ್ನು ಬಾಗಿಲಲ್ಲಿ ನಿಂತು ಹೇಳಬಾರದು. ಕೂರಿಸಿ, ನೀರು ಕೊಟ್ಟು, ‘ಮೈಗೆ ಅಷ್ಟು ಸರಿಯಿರಲಿಲ್ಲವಂತೆ’ ಎಂದು ಶುರುಮಾಡಿ ಮೆಲ್ಲಗೆ ಅಲ್ಲಿಗೆ ಬರಬೇಕು. ಈ ವಿದ್ಯೆಯನ್ನೆಲ್ಲ ನಿಷ್ಠೆಯಿಂದ ಕಲಿತ ನಾನು, ನಲವತ್ತರ ಅಂಚಿನಲ್ಲಿ, ಪರದೇಶದ ಆಶ್‌ಬರ್ನಿನ ನಮ್ಮ ಟೌನ್‌ಹೌಸಿನ ಅಡುಗೆಮನೆ ಪಕ್ಕದ ಮೂಲೆಯಲ್ಲಿ ಕೂತು, ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಕಂಪ್ಯೂಟರಿನೊಳಗೆ ಬಂದೂಕು ಹಿಡಿದು ತಂಡ ಕಟ್ಟಿ ಹೊಡೆದಾಡುವ ಆಟಕ್ಕೆ ಇಳಿದೆ.

ಇಳಿಸಿದವನು ಶ್ರೀಧರ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನಮಗೆ ಒಂದೇ ಕೋಣೆ, ಒಂದೇ ಸೋಪು. ಈಗ ಅವನು ಪಕ್ಕದ ರಾಜ್ಯದ ಷಾರ್ಲೆಟ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. “ಬರ್ತೀನಿ ಬರ್ತೀನಿ ಅಂತ ನೀನೂ ಡ್ರೈವ್ ಮಾಡ್ಕೊಂಡು ಬರಲ್ಲ, ನಾನೂ ಬರಲ್ಲ. ಶನಿವಾರ ಮಧ್ಯಾಹ್ನ ಗೇಮ್‌ಗಾದ್ರೂ ಬಾರೋ” ಎಂದ. ಫೇರ್‌ಫ್ಯಾಕ್ಸಿನ ಭಟ್ಟರು, ನಮಗಿಂತ ಹತ್ತು ವರ್ಷ ಹಿರಿಯರು, ಮೂರನೆಯವರಾಗಿ ಸೇರಿಕೊಂಡರು. ಹೀಗೆ ನಮ್ಮ ಹಳೆಯ ಸ್ನೇಹ ವಾರಕ್ಕೆರಡು ಗಂಟೆ ಒಂದು ತಂತಿಯ ಮೇಲೆ ಜೀವ ಹಿಡಿದುಕೊಂಡಿತ್ತು.

ಆಡುವಾಗ ಒಬ್ಬರ ಮಾತು ಉಳಿದಿಬ್ಬರಿಗೂ ಮೈಕಿನಲ್ಲಿ ಕೇಳುತ್ತದೆ. ಅದಕ್ಕೆಂದು ಶ್ರೀಧರ ನಿಯಮಗಳನ್ನು ಇಮೇಲ್ ಮಾಡಿದ್ದ. ಶತ್ರು ಎಲ್ಲಿ, ಎಷ್ಟು ಜನ, ಅಷ್ಟೇ ಹೇಳುವುದು. ಆಟದಲ್ಲಿ ಸತ್ತವರು ಬಾಯಿ ಮುಚ್ಚಿಕೊಂಡಿರುವುದು. ಸೋತರೆ ಯಾರನ್ನೂ ಬೈಯದಿರುವುದು. ಮಾತಾಡುವಾಗ ಮಾತ್ರ ಕೀ ಒತ್ತಿ ಮೈಕ್ ತೆರೆಯುವುದು. ಓದಿ ನನಗೆ ಮೈ ಉರಿಯಿತು. ಸತ್ತವರು ಮಾತಾಡಬಾರದು ಎಂದರೇನು? ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದೇ ಸತ್ತವರ ಮಾತು. ಬದುಕಿದ್ದವರದನ್ನು ಯಾರೂ ಕೇಳುತ್ತಿರಲಿಲ್ಲ. ಇನ್ನು ಬಾಯಿ ತೆರೆಯುವುದಕ್ಕೆ ಮೊದಲು ಇನ್ನೇನನ್ನೋ ಒತ್ತುವ ಪದ್ಧತಿ ನಮ್ಮ ವಂಶದಲ್ಲೇ ಇಲ್ಲ. ಸೆಟ್ಟಿಂಗ್ ಬದಲಿಸಿ ನನ್ನ ಮೈಕನ್ನು ಸದಾ ತೆರೆದೇ ಇಟ್ಟೆ. ಪರಿಣಾಮವಾಗಿ, ನನ್ನ ಹೆಂಡತಿ ಸುಧಾ ಏನು ಅಡುಗೆ ಮಾಡುತ್ತಿದ್ದಾಳೆಂಬುದು ಎರಡು ರಾಜ್ಯಗಳಿಗೆ ತಿಳಿಯುತ್ತಿತ್ತು. ಗುಂಡಿನ ಸುರಿಮಳೆಯ ನಡುವೆ ಭಟ್ಟರು, “ನಿಮ್ಮನೇಲಿ ಮೂರು ವಿಶಲ್ ಆಯ್ತು, ಸುಧಾ ಅವ್ರಿಗೆ ಹೇಳಿ” ಎನ್ನುತ್ತಿದ್ದರು. ಶ್ರೀಧರ ಪ್ರತಿ ವಾರ “ಕೀ ಒತ್ತಿ ಮಾತಾಡೋ ಮಾರಾಯ” ಎನ್ನುತ್ತಿದ್ದ. ನಾನು ಪ್ರತಿ ವಾರ ಹೂಂ ಎನ್ನುತ್ತಿದ್ದೆ.

ಆ ಶನಿವಾರ ನಮ್ಮೆದುರು ಇದ್ದದ್ದು ಶ್ರೀಧರನ ಆಫೀಸಿನ ತಂಡ. ಅದರಲ್ಲಿ ಅವನ ಮ್ಯಾನೇಜರೂ ಇದ್ದ. “ಇವತ್ತೊಂದಿನ ಚಿಕ್ಕದಾಗಿ ಮಾತಾಡು ಕಣೋ. ಸೋಮವಾರ ನಾನು ಅವನ ಮುಖ ನೋಡ್ಬೇಕು” ಎಂದು ಶ್ರೀಧರ ಬೇಡಿಕೊಂಡ. ಕೊನೆಯ ಸುತ್ತಿನ ಹೊತ್ತಿಗೆ ಅವರಲ್ಲಿ ಉಳಿದವನು ಮ್ಯಾನೇಜರ್ ಒಬ್ಬನೇ. ನಮ್ಮಲ್ಲಿ ಶ್ರೀಧರ ಸತ್ತು, ನಿಯಮದಂತೆ ಮೌನವಾಗಿದ್ದ. ಗುಂಡೆಲ್ಲ ಮುಗಿಸಿಕೊಂಡ ನಾನು ಮಹಡಿಯ ಕಿಟಕಿಯಲ್ಲಿದ್ದೆ. ಕೆಳಗೆ ಭಟ್ಟರು ಓಣಿಯಲ್ಲಿ ಮುಂದಕ್ಕೆ ಹೊರಟಿದ್ದರು, ಅವರ ಬೆನ್ನ ಹಿಂದೆ ಮ್ಯಾನೇಜರ್ ಬೆಕ್ಕಿನಂತೆ ಬರುತ್ತಿದ್ದ. ನನಗೆ ಎಲ್ಲವೂ ಕಾಣುತ್ತಿತ್ತು.

“ಭಟ್ರೇ,” ಎಂದೆ, “ದಯವಿಟ್ಟು ತಪ್ಪು ತಿಳ್ಕೋಬೇಡಿ, ಹೊರಟವ್ರನ್ನ ಹಿಂದಿನಿಂದ ಕರೀತಿದೀನಿ, ಆದ್ರೆ...”

ಭಟ್ಟರು ದೊಡ್ಡ ಮನುಷ್ಯರು. ಹಾಗೇ ನಿಂತರು. “ಛೆ ಛೆ, ಅದಕ್ಕೇನಂತೆ, ಹೇಳಿ ಹೇಳಿ” ಎಂದರು. ಅಷ್ಟರಲ್ಲಿ ಸತ್ತರು. ಸತ್ತ ಮೇಲೂ, “ಏನೋ ಹೇಳೋಕ್ ಬಂದ್ರಲ್ಲ, ಏನದು?” ಎಂದು ಕೇಳಿದರು. ನಾನು ಉತ್ತರಕ್ಕೆ ಪೀಠಿಕೆ ಹುಡುಕುತ್ತಿರುವಾಗ ಮ್ಯಾನೇಜರ್ ಮಹಡಿ ಹತ್ತಿ ಬಂದು ನನ್ನನ್ನೂ ಮುಗಿಸಿದ.

“‘ಹಿಂದೆ’ ಅಂದಿದ್ರೆ ಸಾಕಿತ್ತಲ್ಲೋ,” ಎಂದ ಶ್ರೀಧರ. “ಒಂದೇ ಪದ.” ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿಸಿ ಬೈದು ಹಗುರಾಗುತ್ತಿದ್ದೆ.

ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಸುಧಾ ಒಲೆಯ ಹತ್ತಿರದಿಂದಲೇ, “ಸೋತ್ರಾ?” ಎಂದಳು.

“ಶ್ರೀಧರ ಸೋತ. ಮ್ಯಾನೇಜರ್ ಎದುರು ಮೆರೆಯೋಕೆ ನಾನು ಬೇಕು. ಮನೆ ಕೊಂಡಾಗ ಗೃಹಪ್ರವೇಶಕ್ಕೆ ಕರಿಯೋಕೆ ಮಾತ್ರ ನೆನಪಾಗ್ಲಿಲ್ಲ.”

ಮೇಜಿನ ಮೇಲಿನ ಹೆಡ್‌ಸೆಟ್ಟಿನಿಂದ ಸಣ್ಣ ದನಿ ಬಂತು. “ಮೈಕ್ ಆನ್ ಇದೆ ಕಣೋ.” ಮತ್ತೆ ಅದೇ ಶ್ರೀಧರನ ದನಿ: “ಗೃಹಪ್ರವೇಶ ಮಾಡ್ಲೇ ಇಲ್ಲ. ಅಪ್ಪ ಹೋಗಿ ವರ್ಷ ತುಂಬಿರ್ಲಿಲ್ಲ.”

ಅವನ ತಂದೆ ಹೋದದ್ದು ನನಗೆ ಗೊತ್ತಿತ್ತು. ಆಗ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ದೆ. ದೊಡ್ಡಮ್ಮನ ಕ್ರಮದಂತೆ ಹವೆಯಿಂದ ಶುರುಮಾಡಿ ಮೆಲ್ಲಗೆ ಬಂದಿದ್ದೆ. ದುಃಖದ ತನಕ ತಲುಪಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಸಾವು ಕಂಡ ಮನೆಯಲ್ಲಿ ವರ್ಷ ತುಂಬುವ ತನಕ ಶುಭಕಾರ್ಯ ಮಾಡುವುದಿಲ್ಲ ಎಂದು ಮಗುವಿಗೂ ಗೊತ್ತು. ಹೊರಟವರನ್ನು ಕರೆಯಬಾರದೆಂಬುದನ್ನು ಅಷ್ಟು ಜೋಪಾನವಾಗಿ ನೆನಪಿಟ್ಟುಕೊಂಡವನು ಇದನ್ನು ಮರೆತಿದ್ದೆ. ಇಷ್ಟಕ್ಕೂ, ಇಡೀ ಆಟದಲ್ಲಿ ನಿಯಮಕ್ಕೆ ಸರಿಯಾಗಿ ನಾನಾಡಿದ್ದು ಗೃಹಪ್ರವೇಶದ ಆ ಮಾತೊಂದನ್ನೇ: ಚಿಕ್ಕದು, ಸ್ಪಷ್ಟ, ಎಲ್ಲರಿಗೂ ಒಮ್ಮೆಗೇ ಕೇಳಿತು, ಗುರಿ ತಪ್ಪಲಿಲ್ಲ.

ಮುಂದಿನ ಶನಿವಾರ ಆಟದಲ್ಲಿ ನಾನೊಬ್ಬನೇ ಇದ್ದೆ. ಕೀ ಒತ್ತಿ, “ಹಲೋ” ಎಂದು, ಕೀ ಬಿಟ್ಟೆ. ಅರ್ಧ ಗಂಟೆ ಶಿಸ್ತಾಗಿ ಹಾಗೇ ಮಾಡಿದೆ.

ಆಮೇಲೆ ಷಾರ್ಲೆಟ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ; ಬೀಪ್ ಆದ ಮೇಲೆ ಚಿಕ್ಕದಾಗಿ ವಿಷಯ ಹೇಳಿ ಎಂದು ಅವನದೇ ದನಿ ಇಂಗ್ಲಿಷಿನಲ್ಲಿ ಹೇಳಿತು. “ಶ್ರೀಧರ, ನಾನು ಕಣೋ. ಊಟ ಆಯ್ತಾ? ಇಲ್ಲಿ ಚಳಿ ಶುರುವಾಗಿದೆ, ನಿಮ್ಮ ಕಡೆ ಹೇಗೆ...” ಎನ್ನುತ್ತ ವಿಷಯದ ಬಾಗಿಲಿಗೆ ಬರುವಷ್ಟರಲ್ಲಿ ಯಂತ್ರ ಕತ್ತರಿಸಿತು. ಮೂರು ಸಲ ಮಾಡಿದೆ, ಮೂರು ಸಲವೂ ಬಾಗಿಲಲ್ಲೇ ಉಳಿದೆ.

“ಬೀಪ್ ಆದ ತಕ್ಷಣ ಸಾರಿ ಅಂದ್ಬಿಡ್ರೀ,” ಎಂದಳು ಸುಧಾ. “ಒಂದೇ ಪದ.”

“ಹಾಗೆ ಏಕಾಏಕಿ ಅಂದ್ರೆ ಚೆನ್ನಾಗಿರತ್ತಾ?” ಎಂದೆ, ನಾಲ್ಕನೆಯ ಸಲ ನಂಬರು ಒತ್ತುತ್ತ. “ಮೊದ್ಲು ಅವರಮ್ಮ ಹೇಗಿದಾರೆ ಅಂತ ಕೇಳ್ಬೇಕು.”