ರೋಬೋಟ್ ಕಾಲೂ ಡ್ರಿಲ್ ಮೇಷ್ಟ್ರೂ

ಗುಬ್ಬಿಯ ಹೈಸ್ಕೂಲಿನಲ್ಲಿ ಒಂದೇ ಸೀಟಿ ಊದಿ ಇಡೀ ಮೈದಾನವನ್ನು ಸಾಲಾಗಿ ನಿಲ್ಲಿಸಬಲ್ಲ ಡ್ರಿಲ್ ಮೇಷ್ಟ್ರು ಅಂಜನ್‌ಕುಮಾರರ ಮಾತನ್ನು ಮನೆಯಲ್ಲಿ ಕೇಳುವವರೇ ಇರಲಿಲ್ಲ. ಹೆಂಡತಿ ಶಿಲ್ಪಾ ಕೇಳುತ್ತಿರಲಿಲ್ಲ, ಮಗಳು ಅಕ್ಷತಾ ಕೇಳುತ್ತಿರಲಿಲ್ಲ. ಕೊನೆಗೆ ತುಮಕೂರಿನಿಂದ ಬಂದ ಯಂತ್ರವೂ ಕೇಳಲಿಲ್ಲ.

ಅಕ್ಷತಾಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಮಿದುಳು ಹೊರಡಿಸಿದ ಅಪ್ಪಣೆ ಕಾಲಿಗೆ ತಲುಪುವಷ್ಟರಲ್ಲಿ ದಾರಿಯಲ್ಲೇ ಗಲಿಬಿಲಿಯಾಗಿ, ಮಂಡಿಗಳು ಬಗ್ಗಿದಂತೆಯೇ ಬಿಗಿದುಕೊಳ್ಳುತ್ತಿದ್ದವು. ವಾಕರ್ ಹಿಡಿದುಕೊಂಡೇ ಅವಳು ಬಿ.ಕಾಂ. ಎರಡನೇ ವರ್ಷಕ್ಕೆ ಬಂದಿದ್ದಳು. (ಬಾಯಿಗೆ ಮಾತ್ರ ಮಿದುಳಿನಿಂದ ನೇರ ಲೈನಿದೆ ಎಂಬುದು ಮೇಷ್ಟ್ರ ಸ್ವಾನುಭವ.) ತುಮಕೂರಿನ ಫಿಸಿಯೋಥೆರಪಿ ಸೆಂಟರಿನವರು ಅವಳಿಗೆ ಅಭ್ಯಾಸಕ್ಕೆಂದು ಒಂದು ಜೊತೆ ರೋಬೋಟ್ ಕಾಲು ಕೊಟ್ಟಿದ್ದರು. ತೊಡೆಗೂ ಮೀನಖಂಡಕ್ಕೂ ಪಟ್ಟಿ ಬಿಗಿಯಬೇಕು. ಎರಡೂ ಮಂಡಿಯ ಪಕ್ಕ ಮೋಟರು, ಸೊಂಟದಲ್ಲಿ ಬ್ಯಾಟರಿ, ಲಗಾಮು ಅಕ್ಷತಾಳ ಮೊಬೈಲಿನಲ್ಲಿ. ಅವಳು ಹೆಜ್ಜೆ ಎತ್ತಲು ಹೊರಟದ್ದನ್ನು ಗುರುತಿಸಿ, ಮಂಡಿ ನೆಟ್ಟಗಾಗಲು ಅದು ಒತ್ತಾಸೆ ಕೊಡುತ್ತಿತ್ತು.

"ಇದು ವಾಸಿ ಮಾಡೋ ಮಷೀನಲ್ಲ ಸಾರ್, ಜೊತೆಗೆ ನಡೆಯೋ ಮಷೀನು. ಅವಳ ನಡಿಗೆಗೇ ಸೆಟ್ ಮಾಡಿದೀವಿ. ಬೇರೆ ಯಾರೂ ಹಾಕ್ಕೋಬೇಡಿ," ಎಂದು ಅಲ್ಲಿನ ಮೇಡಂ ಹೇಳಿದ್ದರು. ಮೇಷ್ಟ್ರು ತಲೆಯಾಡಿಸಿದ್ದರು. ತಲೆಯಾಡಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಅಂದಿನಿಂದ ಮನೆಯ ಹಾಲು ಪೆರೇಡ್ ಮೈದಾನವಾಯಿತು.

"ಲೆಫ್ಟ್! ಮಂಡಿ ಎತ್ತು! ಎದೆ ಮುಂದೆ! ರೈಟ್!"

"ಅಪ್ಪಾ, ಮಷೀನು ಕಾಲಿಗೆ ಹೇಳ್ತೈತೆ, ನೀನು ಕಿವಿಗೆ ಹೇಳ್ತೀಯ. ನಾನ್ ಯಾರ್ ಮಾತ್ ಕೇಳ್ಲಿ?"

"ಅನುಭವ ಇರೋರ ಮಾತು ಕೇಳು!"

"ಮಷೀನಿಗೆ ಆಫ್ ಬಟನ್ ಐತೆ. ನಿಂಗೆಲ್ಲೈತೆ?"

ಅಡುಗೆಮನೆಯಿಂದ ಶಿಲ್ಪಾ ಉತ್ತರ ಕೊಟ್ಟಳು. "ಮದುವೆಯಾದಾಗಿಂದ ಹುಡುಕ್ತಾನೇ ಇದೀನಿ ಕಣೇ, ಸಿಕ್ಕಿಲ್ಲ."

ಹೀಗಿರುವಾಗ ಕುಣಿಗಲ್‌ನಲ್ಲಿ ಶಿಲ್ಪಾಳ ಅಣ್ಣನ ಮಗಳು ಮಾನಸಾಳ ಮದುವೆ ಗೊತ್ತಾಯಿತು. ಪ್ರತಿ ಮದುವೆಯಲ್ಲೂ ಅಕ್ಷತಾಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, "ನೀನ್ ಇಲ್ಲೇ ಇರವ್ವ" ಎಂದು ಹೇಳಿ, ಮಿಕ್ಕವರೆಲ್ಲ ಸ್ಟೇಜ್ ಹತ್ತಿ ಫೋಟೋಕ್ಕೆ ನಿಲ್ಲುತ್ತಿದ್ದರು. ಈ ಸಲ ಅವಳು ಹೇಳಿದ್ದು ಒಂದೇ ಮಾತು. "ಮಾನಸಕ್ಕನ ತಲೆ ಮೇಲೆ ನಾನೇ ಸ್ಟೇಜ್ ಹತ್ತಿ ಅಕ್ಷತೆ ಹಾಕ್ತೀನಿ."

ಮೇಷ್ಟ್ರ ಕಣ್ಣು ತುಂಬಿತು. ಕಣ್ಣು ತುಂಬಿದ ಮನುಷ್ಯ ಸುಮ್ಮನಿರಬೇಕಿತ್ತು. ಅವರು ನಿಟ್ಟೂರಿನಿಂದ ಸಿ.ಎಸ್. ಪುರದವರೆಗೆ ನೆಂಟರಿಗೆಲ್ಲ ಫೋನು ಮಾಡಿದರು. "ಅಕ್ಷತಾ ಅಕ್ಷತೆ ಹಾಕೋದ್ ನೋಡೀರಂತೆ, ಬನ್ನಿ! ರೋಬೋಟು!"

ನೆಂಟರು ಬಂದರು. ಧಾರೆ ಮುಗಿಯುತ್ತಲೇ ವಧೂವರರಿಗೆ ಬೆನ್ನು ಹಾಕಿ, ಅಕ್ಷತಾ ಇದ್ದ ಕೋಣೆಯ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಂತರು. ಬಾಗಿಲ ಸಂದಿಯಿಂದ ನೋಡಿದ ಅಕ್ಷತಾಳ ಮುಖ ಕೆಂಪಾಯಿತು.

"ನಾನೇನ್ ಕರಡಿ ಕುಣಿತಾನಾ? ಇವ್ರೆಲ್ಲ ಊಟಕ್ ಹೋಗ್ಲಿ, ಆಮೇಲ್ ಹತ್ತೀನಿ. ಈಗ ನಾನ್ ಊಟಕ್ ಹೋಗ್ತೀನಿ."

"ಜನ ಕಾಯ್ತಾ ಅವ್ರೆ ಕಣೇ! ಮಾನ ಹೋಗ್ತದೆ!" ಎಂದರು ಮೇಷ್ಟ್ರು.

"ಯಾರ್ದು?"

ಅವಳು ಯಂತ್ರವನ್ನು ಕೋಣೆಯಲ್ಲೇ ಬಿಟ್ಟು, ವಾಕರ್ ಹಿಡಿದು, ಮೊಬೈಲು ಕುತ್ತಿಗೆಗೆ ನೇತುಹಾಕಿಕೊಂಡು, ಹಿಂದಿನ ಬಾಗಿಲಿನಿಂದ ಮೊದಲ ಪಂಕ್ತಿಗೆ ಹೋಗಿ ಕೂತಳು.

ಹೊರಗೆ ಜನ ಗುಜುಗುಜು ಅನ್ನುತ್ತಿದ್ದರು. ಮೇಷ್ಟ್ರು ಯೋಚಿಸಿದರು. ಮೇಷ್ಟ್ರು ಯೋಚಿಸಿದಾಗಲೆಲ್ಲ ಶಿಲ್ಪಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ರೀ, ಬ್ಯಾಡ ರೀ. ಮೇಡಂ ಏನ್ ಹೇಳವ್ರೆ?"

"ನಾನು ಜಿಲ್ಲಾ ಮಟ್ಟದ ಓಟಗಾರ ಕಣೇ. ಇವಕ್ಕೆಲ್ಲ ಹೆದರ್ತೀನಾ? ಸುಮ್ನೆ ಒಂದ್ ಡೆಮೋ. ನೀನ್ ಮಾತ್ರ ಮುಟ್ಬೇಡ, ನಿಂಗೆ ಗೊತ್ತಾಗಲ್ಲ."

ರೇಷ್ಮೆ ಪಂಚೆಯನ್ನು ಮೇಲೆತ್ತಿ ಕಟ್ಟಿ, ಮಗಳ ಅಳತೆಯ ಪಟ್ಟಿಗಳನ್ನು ಉಸಿರು ಬಿಗಿಹಿಡಿದು ಸಿಕ್ಕಿಸಿ, ಸ್ವಿಚ್ ಒತ್ತಿ ಮೇಷ್ಟ್ರು ಹೊರಬಂದರು. ಜನ ಹೋ ಎಂದರು. ಮೇಷ್ಟ್ರು ಹುರುಪೇರಿ, ಸ್ವಾತಂತ್ರ್ಯ ದಿನಾಚರಣೆಯ ಠೀವಿಯಲ್ಲಿ ಸ್ಟೇಜಿನತ್ತ ಕಾಲು ಬೀಸಿದರು. ಅಕ್ಷತಾಳ ನಿಧಾನದ ಹೆಜ್ಜೆಗೆ ಪಳಗಿದ ಯಂತ್ರ ಈ ಗಡಿಬಿಡಿಗೆ ಬೆದರಿತು. ಯಾರೋ ಬೀಳುತ್ತಿದ್ದಾರೆಂದು ಭಾವಿಸಿ ಕೀಚ್ ಕೀಚ್ ಎಂದು ಕೂಗಿ, ಎರಡೂ ಮಂಡಿಗಳನ್ನು ಗಟ್ಟಿಯಾಗಿ ಲಾಕ್ ಮಾಡಿಬಿಟ್ಟಿತು.

ಸ್ಟೇಜಿನ ಮೆಟ್ಟಿಲ ಬುಡದಲ್ಲಿ, ಹರಸಲು ಬಂದವರ ಸಾಲಿಗೆ ಅಡ್ಡವಾಗಿ, ಮೇಷ್ಟ್ರು ದೀಪದ ಕಂಬದಂತೆ ನಿಂತರು. ಬಗ್ಗಲಾರರು, ಕೂರಲಾರರು.

"ಶಿಲ್ಪಾ, ಬಿಚ್ಚೇ!"

"ನಂಗೆ ಗೊತ್ತಾಗಲ್ಲ ಅಂದ್ರಲ್ಲ."

"ಮಗಳನ್ನ ಕರಿಯೇ, ಪುಣ್ಯಾತ್ಗಿತ್ತಿ! ಮೊಬೈಲ್ ಅವಳ ಹತ್ರ ಐತೆ!"

ಶಿಲ್ಪಾ ಹೋಗಿ ಬಂದಳು. "ಈಗ ತಾನೇ ಹೋಳಿಗೆ ಬಡಿಸವ್ರಂತೆ. ಮಜ್ಜಿಗೆ ಮುಗಿಸ್ಕೊಂಡ್ ಬರ್ತಾಳಂತೆ."

ಅಷ್ಟು ಹೊತ್ತಿಗೆ ವಿಷಯ ಸರಿಯಾಗಿ ತಿಳಿಯದ ನಿಟ್ಟೂರಿನ ಹೊಂಬಾಳತ್ತೆ ಜನರನ್ನು ಸೀಳಿಕೊಂಡು ಬಂದು ಮೇಷ್ಟ್ರ ಮಂಡಿ ಸವರಿದರು. "ಅಯ್ಯೋ ನನ್ನಪ್ಪನೇ! ಓಡಾಡ್ಕೊಂಡಿದ್ಯಲ್ಲಪ್ಪ, ಯಾವಾಗ್ಲಿಂದ ಹಿಂಗಾಯ್ತು?"

"ನಂಗೇನೂ ಆಗಿಲ್ಲ ಅತ್ತೆ! ಇದು ಅಕ್ಷತಾದು!"

"ಮಗಳಿಗ್ ತಂದಿದ್ನ ತಾನೇ ಹಾಕ್ಕೊಳೋ ಗತಿ ಬಂತಾ," ಎಂದು ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಸಿ.ಎಸ್. ಪುರದ ಪುಟ್ಟರಂಗಯ್ಯ ಮೇಷ್ಟ್ರ ಕೈ ಹಿಡಿದು, "ಧೈರ್ಯ ಕಳ್ಕೋಬೇಡ. ನಮ್ಮೂರಲ್ಲಿ ಎಣ್ಣೆ ಉಜ್ಜೋರು ಅವ್ರೆ," ಎಂದರು.

ಕೊನೆಗೆ ಅಕ್ಷತಾ ಬಂದು ಮೊಬೈಲ್ ಒತ್ತಿದಳು. ಮಂಡಿ ಸಡಿಲವಾಯಿತು, ಶಿಲ್ಪಾ ಪಟ್ಟಿ ಬಿಚ್ಚಿದಳು. ಯಂತ್ರ ಎತ್ತಿಕೊಂಡು ಮಗಳ ಜೊತೆ ಕೋಣೆಗೆ ಹೋದಳು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಅತ್ತೆ ಒಂದು ಮಂಡಿ ಒತ್ತತೊಡಗಿದರು, ಪುಟ್ಟರಂಗಯ್ಯ ಇನ್ನೊಂದು. ಮರುಗುವವರ ಗುಂಪು ಗೋಡೆಯಂತೆ ಸುತ್ತುವರಿಯಿತು.

"ಸ್ವಲ್ಪ ಸರ್ಕೊಳ್ರಯ್ಯಾ, ಸ್ಟೇಜ್ ಕಾಣ್ತಿಲ್ಲ!"

"ಈ ಸ್ಥಿತೀಲಿ ಸ್ಟೇಜ್ ಯಾಕ್ ಬುಡು. ಕಾಲ್ ಚಾಚು."

ಕಷ್ಟಪಟ್ಟು ಎರಡು ಸೊಂಟಗಳ ನಡುವೆ ತಲೆ ತೂರಿಸಿದಾಗ ಕಂಡದ್ದಿಷ್ಟು: ಅಕ್ಷತಾ ಸ್ಟೇಜಿನ ಮೇಲೆ ಮಾನಸಾಳ ಪಕ್ಕ ನಿಂತಿದ್ದಾಳೆ. ಇಬ್ಬರೂ ನಗುತ್ತಿದ್ದಾರೆ. ಮಾನಸಾಳ ಕೂದಲ ತುಂಬ ಅಕ್ಷತೆ.

ಶಿಲ್ಪಾ ಮೂಗು ಒರೆಸಿಕೊಳ್ಳುತ್ತ ಬಂದಳು.

"ಹತ್ತಿದ್ಲಾ? ಯಾವಾಗ? ಹೆಂಗೇ ಹತ್ತಿದ್ಲು?"

"ಮಷೀನ್ ಹಾಕ್ಕೊಂಡು, ಕಂಬಿ ಹಿಡ್ಕೊಂಡು. ಒಂದೊಂದೇ ಮೆಟ್ಲು."

"ವಿಡಿಯೋ ಮಾಡಿದ್ಯಾ?"

"ಇಲ್ಲ ರೀ. ನಾನ್ ನೋಡ್ತಾ ಇದ್ದೆ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಹೊಂಬಾಳತ್ತೆ ಆ ಬಾಯಿಗೆ ಹೋಳಿಗೆ ತುರುಕಿದರು. "ಮಾತಾಡ್ಬೇಡ ಮಗಾ, ಸುಸ್ತಾಗ್ತದೆ."