ಬರೀ ನೀರಿನ ಗುಳಿ

ಬೆಳಗ್ಗೆ ಹತ್ತೂವರೆಗೆ ಬರೀ ನೀರಿನ ಗುಳಿಯಲ್ಲಿ ಯಾರದೋ ಎಂಜಲು ಸಿಕ್ಕಿತು.

ಅದು ಬಾಯಿಯ ಬ್ಯಾಕ್ಟೀರಿಯಾಗಳ ಜಾತಕ ಬರೆದಿಡುವ ಕಚೇರಿ. ಹಲ್ಲು ಕೊರೆಯುವವು, ಒಸಡು ತಿನ್ನುವವು, ಸುಮ್ಮನೆ ನಾಲಿಗೆಯ ಮೇಲೆ ಬಿದ್ದುಕೊಂಡಿರುವವು, ಎಲ್ಲದರ ಜೀನೋಮನ್ನೂ ಓದಿ, ಪಟ್ಟಿ ಮಾಡಿ, ಕೇಳಿದ ವಿಜ್ಞಾನಿಗಳಿಗೆ ಕೊಡುವುದು ಅಲ್ಲಿಯ ಕೆಲಸ. ಒಂದರ ಜೀನೋಮನ್ನು ಇನ್ನೊಂದಕ್ಕೆ ತಾಳೆ ನೋಡುವ ತಂತ್ರಾಂಶವನ್ನೂ ಜೊತೆಗೆ ಕಳಿಸುತ್ತಿದ್ದರು. ಮಾದರಿಗಳನ್ನು ಚೆನ್ನೆಮಣೆಯಂಥ ತಟ್ಟೆಯ ಗುಳಿಗಳಿಗೆ ತುಂಬುತ್ತಾರೆ. ಸಂಜೆ ನಿರ್ದೇಶಕರು ಎಣಿಸಿ ಸಹಿ ಹಾಕಿದ ಮೇಲೆ ಅದನ್ನು ಮುಚ್ಚಿ ಯಂತ್ರಕ್ಕೆ ಇಡುತ್ತಾರೆ. ಕೊನೆಯ ಗುಳಿಗೆ ಬರೀ ಶುದ್ಧ ನೀರು. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿತೆಂದರೆ ಯಾರೋ ಗಲೀಜು ಮಾಡಿದ್ದಾರೆ ಎಂದರ್ಥ. ಇಡೀ ತಟ್ಟೆ ತಿಪ್ಪೆಗೆ.

ತಟ್ಟೆ ತುಂಬುವವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಶುರುವಾದರೆ ಕಿವಿ ಹಿಂಡಿದರೂ ನಿಲ್ಲದ ರೇಡಿಯೊ.

"ಇನ್ಯಾರು? ಇವನೇ," ಎಂದಳು ಸ್ಟೋರು ನೋಡಿಕೊಳ್ಳುವ ಅಕ್ಕ. "ನಿನ್ನೆ ಮಾಸ್ಕ್ ಗಲ್ಲಕ್ಕಿಳಿಸ್ಕೊಂಡು ಮಾವನ ಕಟ್ಟಿಸಿದ ಹಲ್ಲಿನ ಕತೆ ಹೇಳ್ತಿದ್ದ."

"ಅಕ್ಕಾ, ತಟ್ಟೆ ಆ ಕಡೆ ಇತ್ತು, ನಾನು ಈ ಕಡೆ ಇದ್ದೆ!"

"ನಿನ್ನ ಕತೆಗೆ ಆ ಕಡೆ ಈ ಕಡೆ ಅಂತ ಉಂಟೇನೋ? ಕೊಡೆ ಹಿಡ್ಕೊಂಡೇ ಕೇಳ್ಬೇಕು."

ರೇಡಿಯೊನ ಮೂರು ವರ್ಷದ ಹಂಗಾಮಿ ಕೆಲಸ ಖಾಯಂ ಆಗುವ ಆದೇಶ ಅಂದೇ ನಿರ್ದೇಶಕರ ಮೇಜಿನ ಮೇಲೆ ಸಹಿಗೆ ಕಾದು ಕೂತಿತ್ತು. ಹೆಂಡತಿ ಬೀದಿಗೆಲ್ಲ ಸಾರಿಯಾಗಿತ್ತು. ಅದೇ ಕಟ್ಟಿಸಿದ ಹಲ್ಲಿನ ಮಾವ ಸಂಜೆ ಕಾಗದವನ್ನು ಕಣ್ಣಾರೆ ನೋಡಲು ಬರುವವರಿದ್ದರು.

ನಿರ್ದೇಶಕರಿಗೆ ಧೂಳೆಂದರೆ ಆಗದು. ಕನ್ನಡಕ, ಕಡತ, ಕುರ್ಚಿ, ಏನು ಮುಟ್ಟಿದರೂ ಮೊದಲು ಉಫ್ ಎಂದು ಊದಬೇಕು. ಆದೇಶವನ್ನು ಎತ್ತಿ ಊದಿ ಡ್ರಾಯರಿಗೆ ಹಾಕಿದರು.

"ಸಹಿ ಸಂಜೆಗೆ. ಎಲ್ಲರ ಎಂಜಲೂ ತೆಗೀರಿ, ತಾಳೆ ನೋಡೋಣ. ಊರಿಗೆಲ್ಲ ತಂತ್ರಾಂಶ ಹಂಚೋ ನಾವು ನಮ್ಮನೆ ಕಳ್ಳನ್ನ ಹಿಡೀದಿದ್ರೆ ಹೇಗೆ? ನ್ಯಾಯ ಅಂದ್ರೆ ನ್ಯಾಯ, ನಂದೂ ತಗೊಳ್ಳಿ."

ಅಷ್ಟರಲ್ಲಿ ಹೆಂಡತಿಯ ಫೋನು. "ಆರ್ಡರ್ ಸಿಕ್ತಾ ರೀ? ಅಪ್ಪ ಹೊರಟಾಯ್ತು."

"ಸಂಜೆ ಕಣೇ."

"ಯಾಕೆ, ಮತ್ತೆ ಬಾಯಿ ಬಿಟ್ರಾ?"

ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಆದರೆ ಕೆಲವರಿಗೆ ಸುಮ್ಮನಿರುವುದನ್ನು ಯಾವ ಶಾಲೆಯೂ ಕಲಿಸಿರುವುದಿಲ್ಲ. ಬಾಯಿ ತೊಳೆದರೆ ಸಾಕ್ಷಿಯೂ ತೊಳೆದುಹೋಗುತ್ತದೆ ಎಂದು ಬಚ್ಚಲಿಗೆ ಓಡಿ, ಕೈ ತೊಳೆಯುವ ಸೋಪನ್ನೇ ಬೆರಳಿಗೆ ಹಚ್ಚಿ ಉಜ್ಜಿದ. ಆಚೆ ಬಂದು "ನಾನು ರೆಡಿ ಅಕ್ಕಾ" ಎಂದದ್ದೇ ತಡ, ಬಾಯಿಂದ ಎರಡು ಗುಳ್ಳೆ ಹಾರಿದವು.

"ಥೂ! ಎಂಜಲು ಕೇಳಿದ್ರೆ ನೊರೆ ಕೊಡ್ತೀಯಲ್ಲೋ! ಒಂದು ಗಂಟೆ ಬಿಟ್ಟು ಬಾ."

ಗಂಟೆ ಕಳೆದ ಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ಅವನ ಬಾಯಲ್ಲಿ ಆಡಿಸುತ್ತ ಅಕ್ಕ ಮುಖ ಸಿಂಡರಿಸಿದಳು. "ಆ ದವಡೆ ಹಲ್ಲು ಇನ್ನೂ ಕೀಳಿಸಿಲ್ವಾ? ಕರಡಿ ಗವಿ ಇದ್ದಂಗಿದೆ." ಕಡ್ಡಿಯನ್ನು ಕೊಳವೆಗೆ ಹಾಕಿ ಚೀಟಿ ಅಂಟಿಸಿ, ಉಳಿದವುಗಳ ಸಾಲಿನಲ್ಲಿಟ್ಟು, ಐಸು ತರಲು ಹೋದಳು.

ಚೀಟಿಗಳ ಅಂಟು ಇನ್ನೂ ಹಸಿಯಾಗಿತ್ತು. ಕೋಣೆಯಲ್ಲಿ ರೇಡಿಯೊ ಒಬ್ಬನೇ. ಯಾರ ಚೀಟಿಯೊಡನೆ ಬದಲಾಯಿಸುವುದು? ಅಕ್ಕನದು ಮುಟ್ಟಿದರೆ ಚರ್ಮ ಸುಲಿದಾಳು. ಉಳಿದವರು ತನ್ನಂಥ ಬಡಪಾಯಿಗಳು. ನಿರ್ದೇಶಕರದೇ ಸರಿ. ಅವರ ಹೆಸರು ಬಂದರೆ ತನಿಖೆಯೇ ಮುಚ್ಚಿಹೋಗುತ್ತದೆ. ರಾಜನ ಬಾಯಿ ನಾರುತ್ತದೆಂದು ಹೇಳುವವರು ಯಾರು? ಎರಡು ಚೀಟಿ ಕಿತ್ತ, ಅದಲುಬದಲು ಅಂಟಿಸಿದ, ಕಿಟಕಿಯ ಹತ್ತಿರ ನಿಂತು ಮೋಡ ಎಣಿಸತೊಡಗಿದ.

ಸಂಜೆ ಐದಕ್ಕೆ ಎಲ್ಲರೂ ನಿರ್ದೇಶಕರ ಕೋಣೆಯಲ್ಲಿ ಸೇರಿದರು. ಅವರು ಫಲಿತಾಂಶದ ಹಾಳೆಯನ್ನು ಊದಿ ಓದಿದರು. ಮುಖ ಕಪ್ಪಿಟ್ಟಿತು. ರೇಡಿಯೊ ಒಳಗೊಳಗೇ ಹಿಗ್ಗಿದ.

"ಏನಿದು? ನನ್ನ ಬಾಯಲ್ಲಿ ಹಲ್ಲು ಕೊರೆಯೋವು ಇಷ್ಟೊಂದಾ? ದಿನಕ್ಕೆ ಮೂರು ಸಲ ಉಜ್ಜೋನು ನಾನು! ನಾಳೆನೇ ಡೆಂಟಿಸ್ಟ್ ಹತ್ರ ಹೋಗ್ಬೇಕು." ಕೆಳಗಿನ ಸಾಲಿಗೆ ಬಂದರು. "ಇರ್ಲಿ. ನೀರಿನ ಗುಳೀಲಿ ಸಿಕ್ಕಿದ್ದು ನೂರಕ್ಕೆ ತೊಂಬತ್ತೊಂಬತ್ತು ತಾಳೆ ಆಗಿರೋದು..." ಅವರ ಬೆರಳು ಮೇಲೆದ್ದು ನಿಂತಿತು. "ನಿಂದು ಕಣಯ್ಯಾ, ರೇಡಿಯೊ."

ರೇಡಿಯೊಗೆ ತಲೆಬುಡ ತಿಳಿಯಲಿಲ್ಲ. ಚೀಟಿ ಬದಲಾಯಿಸಿದ್ದು ತಾನೇ, ಇದೇ ಕೈಯಿಂದ.

"ನಾನು ಆಗ್ಲೇ ಹೇಳ್ಲಿಲ್ವಾ?" ಎಂದಳು ಅಕ್ಕ.

"ಖಾಯಂ ಮಾತು ಮುಂದಿನ ವರ್ಷ," ಎಂದು ನಿರ್ದೇಶಕರು ಆದೇಶವನ್ನು ನಾಲ್ಕು ಚೂರು ಮಾಡಿದರು. "ಎಲ್ಲಿ, ಇವತ್ತಿನ ತಟ್ಟೆ ತನ್ನಿ."

ಅಕ್ಕ ಹೊಸ ತಟ್ಟೆಯನ್ನು ತಂದು ಮುಂದಿಟ್ಟಳು. ನಿರ್ದೇಶಕರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಮುಖದ ಹತ್ತಿರ ತಂದು, ತೆರೆದ ಗುಳಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಉಫ್ ಎಂದು ಊದಿದರು.

"ಏನು ಧೂಳಪ್ಪಾ ಈ ಆಫೀಸಲ್ಲಿ!" ಎನ್ನುತ್ತ ಎಣಿಸಿ ಸಹಿ ಹಾಕಿದರು.

ರೇಡಿಯೊನ ಬಾಯಿ ತಾನಾಗಿ ತೆರೆಯಿತು. ಹೇಳಹೊರಟರೆ ಚೀಟಿಯ ಸಂಗತಿಯಿಂದಲೇ ಶುರುಮಾಡಬೇಕು. ಜೇಬಿನಲ್ಲಿ ಹೆಂಡತಿಯ ಫೋನು ಬಡಿದುಕೊಳ್ಳುತ್ತಿತ್ತು.

"ಏನಾದ್ರೂ ಹೇಳೋದಿದ್ಯೇನಯ್ಯಾ?" ಎಂದರು ನಿರ್ದೇಶಕರು.

ಹುಟ್ಟಿದಾಗಿನಿಂದ ಮೊದಲ ಸಲ ರೇಡಿಯೊನ ಬಳಿ ಹೇಳಲೇಬೇಕಾದ ಮಾತೊಂದಿತ್ತು. ಅವನು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಇಲ್ಲವೆಂದು ತಲೆಯಾಡಿಸಿದ.